ಆರತಕ್ಷತೆಗಲ್ಲ, ಇಂಟರ್ವ್ಯೂಗೆ ಸೂಟು

ನಮ್ಮ ಕಡೆ ಸೂಟ್ ಅಂದ್ರೆ ಮದುವೆ ಆರತಕ್ಷತೆ. ಹುಡುಗ ಜೀವನದಲ್ಲಿ ಒಂದು ಸಲ ಹೊಲಿಸ್ತಾನೆ, ಸ್ಟೇಜಿನ ಮೇಲೆ ಮೂರು ಗಂಟೆ ಬೆವರ್ತಾನೆ, ಆಮೇಲೆ ಅದು ಬೀರು ಸೇರುತ್ತೆ. ಹಾಗಾಗಿ ಎಂಬಿಎಗೆ ಸೇರಿದ ನನ್ನ ತಮ್ಮನಿಗೆ ಕಾಲೇಜಿನಿಂದ ‘ಇಂಟರ್ನ್‌ಶಿಪ್ ಸಂದರ್ಶನಕ್ಕೆ ಕಡು ಬಣ್ಣದ ಸೂಟ್ ಕಡ್ಡಾಯ’ ಅನ್ನೋ ಸೂಚನೆ ಬಂದಾಗ, ತಿಪಟೂರಿನ ನಮ್ಮ ಮನೆಯಲ್ಲಿ ಯಾರಿಗೂ ಅದರ ಅಂದಾಜೇ ಇರಲಿಲ್ಲ.

ಅವನ ಹಾಸ್ಟೆಲ್ ರೂಮ್‌ಮೇಟ್ 18 ಸಾವಿರ ಕೊಟ್ಟು ತಂದಿದ್ದ. ಅದನ್ನು ನೋಡಿ ಇವನೂ ಫೋನಿನಲ್ಲಿ ‘ಈಗ ಕೊಳ್ಳಿ, ಆಮೇಲೆ ಕಟ್ಟಿ’ ಸಾಲಕ್ಕೆ ಅರ್ಧ ಅರ್ಜಿ ತುಂಬಿಟ್ಟಿದ್ದ. “ಸ್ಟೈಪೆಂಡ್ ಬಂದ್ಮೇಲೆ ತೀರಿಸ್ತೀನಿ ಅಕ್ಕಾ” ಅಂದ. ಇಂಟರ್ನ್‌ಶಿಪ್ಪೇ ಸಿಕ್ಕಿಲ್ಲ, ಸ್ಟೈಪೆಂಡ್ ಎಲ್ಲಿಂದ ಬರುತ್ತೆ? ಫೀಸಿಗೆ ಮಾಡಿದ ಶಿಕ್ಷಣ ಸಾಲ ಬೇರೆ ಬಾಕಿ ಇದೆ. ಕೊನೆಗೆ ಅಮ್ಮ ಚೀಟಿ ದುಡ್ಡಿನಲ್ಲಿ 7 ಸಾವಿರ ತೆಗೆದುಕೊಟ್ಟರು. “ಇದರೊಳಗೇ ಎಲ್ಲ ಮುಗಿಸಿ” ಅಂದರು. ಬೆಂಗಳೂರಿನಲ್ಲಿ ಕೆಲಸದಲ್ಲಿರೋ ನನ್ನ ತಲೆಗೆ ಖರೀದಿಯ ಜವಾಬ್ದಾರಿ ಬಿತ್ತು.

ಎರಡು ವರ್ಷದಿಂದ ನಮ್ಮ ಆಫೀಸಿನಲ್ಲಿ ಇಂಟರ್ನ್‌ಗಳನ್ನು ಆಯ್ಕೆ ಮಾಡೋ ಮೂವರಲ್ಲಿ ನಾನೂ ಒಬ್ಬಳು. ಅಲ್ಲಿ ಕೂತು ನೋಡಿದ ಮೇಲೆ ಹೇಳ್ತಿದ್ದೀನಿ: ಸೂಟಿನ ಬ್ರ್ಯಾಂಡ್ ಯಾವುದು ಅಂತ ಎದುರಿಗೆ ಕೂತವರಿಗೆ ಗೊತ್ತಾಗಲ್ಲ. ಆದರೆ ಭುಜ ಜೋತು ಬಿದ್ದಿದ್ರೆ, ತೋಳು ಬೆರಳಿನವರೆಗೆ ಬಂದಿದ್ರೆ ಬಾಗಿಲಲ್ಲೇ ಕಾಣುತ್ತೆ. ಹುಡುಗ ಮಾತಾಡೋದು ಬಿಟ್ಟು ಕಾಲರ್ ಎಳ್ಕೊಳ್ಳೋದರಲ್ಲೇ ಇರ್ತಾನೆ. ಅಂದ ಹಾಗೆ, ಸೂಟ್ ಎಲ್ಲರಿಗೂ ಬೇಕಿಲ್ಲ. ಸಾಫ್ಟ್‌ವೇರ್ ಕಡೆ ಬಹುತೇಕ ಇಸ್ತ್ರಿ ಮಾಡಿದ ಶರ್ಟು ಪ್ಯಾಂಟೇ ಸಾಕು. ಬ್ಯಾಂಕಿಂಗ್, ಕನ್ಸಲ್ಟಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್ ಕಡೆ ಕೇಳ್ತಾರೆ. ಮೊದಲು ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ವಿಚಾರಿಸಿ. ನಾನಂತೂ ನನ್ನ ಕಾಲದಲ್ಲಿ ಕಾಟನ್ ಸೀರೆ ಉಟ್ಟು ಹೋಗಿದ್ದೆ, ಯಾರೂ ಏನೂ ಅನ್ನಲಿಲ್ಲ. ಒಂದೇ ದಿನದ ಕೆಲಸ ಆಗಿದ್ರೆ ಬಾಡಿಗೆಗೂ ಸಿಗುತ್ತೆ. ಆದರೆ ತಮ್ಮನದು ತಿಂಗಳುಗಟ್ಟಲೆ ನಡೆಯೋ ಸಂದರ್ಶನಗಳು, ಬಾಡಿಗೆ ಲೆಕ್ಕಕ್ಕೆ ಬರಲಿಲ್ಲ.

“ನನ್ನದೇ ಇದೆಯಲ್ಲ, ಸ್ವಲ್ಪ ಹಿಡಿಸಿದ್ರೆ ಆಯ್ತು” ಅಂತ ಅಪ್ಪ 1998ರ ಮದುವೆ ಸೂಟನ್ನು ಬೀರುವಿನಿಂದ ತೆಗೆದರು. ನುಸಿಗುಳಿಗೆ ವಾಸನೆ. ಡಬಲ್ ಬ್ರೆಸ್ಟ್, ದಪ್ಪ ಪ್ಯಾಡ್ ಇಟ್ಟ ಭುಜ. ಟೈಲರ್ ಹತ್ತಿರ ತಗೊಂಡು ಹೋದ್ವಿ. ಪಕ್ಕದ ಹೊಲಿಗೆ ಹಿಡಿಯಬಹುದು, ತೋಳು ಮೋಟು ಮಾಡಬಹುದು, ಪ್ಯಾಂಟಿನ ಸೊಂಟ ಬಿಗಿ ಮಾಡಬಹುದು. ಭುಜ ಮಾತ್ರ ಹಾಗಲ್ಲ. ತೋಳು, ಕಾಲರ್ ಎರಡನ್ನೂ ಬಿಚ್ಚಿ ಮತ್ತೆ ಕೂರಿಸಬೇಕು. ಆ ದುಡ್ಡಿಗೆ ಹೊಸದನ್ನೇ ಹೊಲಿಸಬಹುದು ಅಂದ್ರು ಮಾಸ್ಟರ್. ಅಪ್ಪ ಏನೂ ಮಾತಾಡದೆ ಸೂಟ್ ಮಡಚಿಟ್ಟರು. ಆಮೇಲೆ ಹಾಗೇ ಒಳಗೆ ಹೋಗಿ ಅದರ ಜೊತೆಯ ಕಪ್ಪು ಶೂ ತಂದು ತಮ್ಮನ ಮುಂದೆ ಇಟ್ಟರು. ಅಪ್ಪಟ ಚರ್ಮ. ಇಬ್ಬರದೂ ಎಂಟನೇ ನಂಬರು! 250 ರೂಪಾಯಿಗೆ ಹೊಸ ಸೋಲ್ ಹಾಕಿಸಿದ್ವಿ, ಶೂ ಖರ್ಚು ಉಳೀತು.

ರೆಡಿಮೇಡ್ ನೋಡದೆ ಬಿಡಲಿಲ್ಲ. ಜೋಡಿಯಾಗಿ ಮಾರೋ ಸೂಟಿನಲ್ಲಿ ಸಾಮಾನ್ಯವಾಗಿ ಎದೆಯ ಅಳತೆಗಿಂತ ಪ್ಯಾಂಟಿನ ಸೊಂಟ ಆರು ಇಂಚು ಕಮ್ಮಿ ಇರುತ್ತೆ. ನಿಮ್ಮ ಮೈಕಟ್ಟು ಆ ಲೆಕ್ಕಕ್ಕೆ ಕೂತ್ರೆ ನೀವು ಪುಣ್ಯವಂತರು, ರೆಡಿಮೇಡೇ ತಗೊಳ್ಳಿ, ಸಣ್ಣಪುಟ್ಟ ಆಲ್ಟರೇಷನ್‌ನಲ್ಲಿ ಮುಗಿಯುತ್ತೆ. ನಮ್ಮ ಹುಡುಗ ತೆಂಗಿನಮರದ ಹಾಗೆ. 36 ಹಾಕಿದ್ರೆ ತೋಳು ಮೋಟು, 38 ಹಾಕಿದ್ರೆ ಭುಜ ಸಡಿಲ. ಬೆಲೆ ನೋಡುವಾಗ ತೆರಿಗೆಯನ್ನೂ ಸೇರಿಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕೂ ಮೇಲಿನದಕ್ಕೆ ಶೇ 18 ಜಿಎಸ್‌ಟಿ. ಮೀಟರ್ ಲೆಕ್ಕದ ಬಟ್ಟೆಗೆ ಶೇ 5 ಮಾತ್ರ.

ಹಾಗಾಗಿ ಚಿಕ್ಕಪೇಟೆ. ಅಂಗಡಿ ಹತ್ತಿದ ಕೂಡಲೇ “ಮದುಮಗನಿಗಾ ಮೇಡಂ?” ಅಂತ ಮಿಣಮಿಣ ಹೊಳೆಯೋ ಮರೂನ್ ಬಟ್ಟೆ ಹರಡಿದ್ರು. ಇಂಟರ್ವ್ಯೂಗೆ ಅಂದ ಮೇಲೆ ಒಳಗಿನಿಂದ ಬೇರೆ ಥಾನು ಬಂತು. ನೇವಿ ಬ್ಲೂ ಅಥವಾ ಕಡು ಬೂದು, ಹೊಳಪಿಲ್ಲದ್ದು, ಪ್ಲೇನ್. ಇಷ್ಟೇ ನೆನಪಿಡಿ. ಕಪ್ಪು ಬೇಡ, ಅದು ಹಗಲಿನಲ್ಲಿ ವೆಯಿಟರ್ ಕಳೆ ಕೊಡುತ್ತೆ ಅನ್ನೋದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೇವಿಯೂ ಕಪ್ಪೂ ಒಂದೇ ಥರ ಕಾಣುತ್ತೆ, ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿ. ಬಟ್ಟೆಯ ಮೂಲೆಯನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಸುಕಿ ಬಿಡಿ. ಸುಕ್ಕು ಹಾಗೇ ಉಳಿದ್ರೆ ಬಸ್ಸಿನಲ್ಲಿ ಕೂತು ಎದ್ದಾಗಲೂ ಹಾಗೇ ಉಳಿಯುತ್ತೆ. ಉಣ್ಣೆ ಹೆಚ್ಚಿದ್ದಷ್ಟೂ ಚೆಂದ ಕೂರುತ್ತೆ, ಬೆಲೆಯೂ ಏರುತ್ತೆ. ನಾವು ಪಾಲಿವಿಸ್ಕೋಸ್ ತಗೊಂಡ್ವಿ, ಮೀಟರಿಗೆ 650. 58 ಇಂಚು ಅಗಲದ ಬಟ್ಟೆ ಒಂದು ಸೂಟಿಗೆ 3ರಿಂದ ಮೂರೂಕಾಲು ಮೀಟರ್ ಬೇಕು. ಮೂರೂಕಾಲಕ್ಕೆ 2,113 ಆಯ್ತು.

ಹೊಲಿಗೆಗೆ 4,200. ಮಾಸ್ಟರ್ ಆರಾಮಾಗಿದ್ರು, ಯಾಕಂದ್ರೆ ಅದು ಆಷಾಢ. ಮದುವೆಗಳಿಲ್ಲ, ಟೈಲರ್‌ಗಳಿಗೆ ಒತ್ತಡ ಇಲ್ಲ, ಬಟ್ಟೆ ಅಂಗಡಿಗಳಲ್ಲಿ ಡಿಸ್ಕೌಂಟು ಬೇರೆ. ಶ್ರಾವಣ ಬಂತು ಅಂದ್ರೆ ಅವರು ಫೋನ್ ಎತ್ತೋದೇ ಕಷ್ಟ. ಕಾಲೇಜಿನ ಸೂಚನೆಗೆ ಕಾಯದೆ ಆಷಾಢದಲ್ಲೇ ಹೊಲಿಸಿಬಿಡಿ.

ಕೊಡುವಾಗಲೇ ‘ಟ್ರಯಲ್ ಬೇಕು’ ಅಂತ ಹೇಳಿ. ಕಚ್ಚಾ ಹೊಲಿಗೆಯಲ್ಲಿ ಹಾಕಿ ನೋಡೋ ಆ ಹತ್ತು ನಿಮಿಷದಲ್ಲೇ ಎಲ್ಲ ಇರೋದು. ಟ್ರಯಲ್‌ಗೆ ಇಂಟರ್ವ್ಯೂ ದಿನದ ಶರ್ಟು, ಶೂ ಹಾಕಿಕೊಂಡೇ ಹೋಗಬೇಕು, ಇಲ್ಲಾಂದ್ರೆ ತೋಳು, ಪ್ಯಾಂಟು ಎರಡರ ಉದ್ದವೂ ಸರಿಯಾಗಿ ಸಿಗಲ್ಲ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯೋ ಕಡೆಗೇ ಮುಗಿಯಬೇಕು. ಬಟನ್ ಹಾಕಿದಾಗ ಹೊಟ್ಟೆ ಮೇಲೆ ಅಡ್ಡಡ್ಡ ಗೆರೆ ಎಳೆದ್ರೆ ಬಿಗಿ. ಕತ್ತಿನ ಹಿಂದೆ ಕೋಟಿನ ಕಾಲರ್‌ಗೂ ಶರ್ಟಿನ ಕಾಲರ್‌ಗೂ ನಡುವೆ ಸಂದು ಬಿಟ್ರೆ ಆಗಲೇ ಹೇಳಿ. ಕೋಟಿನ ತೋಳಿನ ಕೆಳಗೆ ಶರ್ಟಿನ ಕಫ್ ಅರ್ಧ ಇಂಚು ಕಾಣಲಿ. “ಕೈ ಮುಂದಕ್ಕೆ ಚಾಚಪ್ಪಾ, ಈಗ ಕೂತ್ಕೋ” ಅಂತ ಮಾಸ್ಟರ್ ತಮ್ಮನನ್ನು ಕೂರಿಸಿ ಎಬ್ಬಿಸಿ ಮಾಡಿದ್ರು. ನಾನು ಕೇಳಿದ್ದು ಒಂದೇ: ಒಳಗೆ ಒಂದಿಂಚು ಬಟ್ಟೆ ಬಿಟ್ಟಿರಿ. ಇಪ್ಪತ್ತೆರಡರ ಹುಡುಗ, ಮೆಸ್ ಊಟ ಬಿಟ್ಟು ಮನೆ ಊಟಕ್ಕೆ ಬಂದ್ರೆ ದಪ್ಪ ಆಗ್ತಾನೆ.

ರೆಡಿಮೇಡ್ ತಂದವರು ಗಮನಿಸಿ: ಕೋಟಿನ ಹಿಂಭಾಗದ ಸೀಳಿಗೆ ಗುಣಾಕಾರ ಚಿಹ್ನೆ ಥರ ಹಾಕಿರೋ ದಾರ, ತೋಳಿನ ಮೇಲಿನ ಕಂಪನಿ ಲೇಬಲ್ ಎರಡನ್ನೂ ಕತ್ತರಿಸಿ ತೆಗೀಬೇಕು. ಅವನ್ನು ಹಾಗೇ ಬಿಟ್ಟುಕೊಂಡು ಬಂದವರನ್ನು ಪ್ರತಿ ವರ್ಷ ನೋಡ್ತೀನಿ. ಕೆಳಗಿನ ಬಟನ್ ಹಾಕೋದು ಬೇಡ, ಕೂರುವಾಗ ಮೇಲಿನದನ್ನೂ ಬಿಚ್ಚಿ. ಪದೇ ಪದೇ ಡ್ರೈಕ್ಲೀನ್‌ಗೆ ಕೊಡಬೇಡಿ. ಕಮ್ಮಿ ಬೆಲೆಯ ಕೋಟಿನ ಎದೆಭಾಗದ ಒಳಪದರವನ್ನು ಸಾಮಾನ್ಯವಾಗಿ ಅಂಟಿನಿಂದಲೇ ಕೂರಿಸಿರ್ತಾರೆ, ಅದು ಬಿಟ್ಟುಕೊಂಡ್ರೆ ಬಟ್ಟೆ ಮೇಲೆ ಗುಳ್ಳೆ ಏಳುತ್ತೆ. ಹಾಕಿ ಬಂದ ಮೇಲೆ ಅಗಲ ಹ್ಯಾಂಗರ್‌ಗೆ ತೂಗುಹಾಕಿ ಗಾಳಿಗೆ ಬಿಟ್ರೆ ಸಾಕು.

ಬಟ್ಟೆ, ಹೊಲಿಗೆ, ಸೋಲ್ ಸೇರಿ 6,563. ಉಳಿದ 437ರಲ್ಲಿ ಒಂದು ಟೈ ಬಂತು, ಅರ್ಧ ತುಂಬಿದ್ದ ಸಾಲದ ಅರ್ಜಿ ಅಳಿಸಿಹೋಯ್ತು. ಆ ಸೂಟಿನಲ್ಲಿ ತಮ್ಮ ಮೂರು ಸಂದರ್ಶನಕ್ಕೆ ಹೋದ. ಎರಡು ಕಡೆ ಆಗಲಿಲ್ಲ, ಮೂರನೇ ಕಡೆ ಆಯ್ತು. ಏಪ್ರಿಲ್‌ನ ಧಗೆಯಲ್ಲಿ ಸೂಟ್ ಹಾಕಿಕೊಂಡೇ ಕೆಲಸಕ್ಕೆ ಸೇರೋಕೆ ಹೋದ ಅವನನ್ನು ನೋಡಿ ಅಲ್ಲಿನ ಮ್ಯಾನೇಜರ್, “ನಾಳೆಯಿಂದ ಕೋಟ್ ಬೇಡಪ್ಪಾ, ಇಲ್ಲಿ ಎಸಿ ಕೆಟ್ಟಿದೆ” ಅಂದ್ರಂತೆ.