ಪಾನಗೃಹಕ್ಕೊಂದು ಹೆಸರು

ಕನ್ನಡ ಮೇಷ್ಟ್ರಾದವನಿಗೆ ಊರಿನವರು ಒಪ್ಪಿಸುವ ಕೆಲಸಗಳಲ್ಲಿ ಹೆಸರಿಡುವುದೂ ಒಂದು. ಮಗುವಿಗೆ, ಮನೆಗೆ, ಬಟ್ಟೆಯಂಗಡಿಗೆ, ಒಮ್ಮೆ ಕೊಳವೆಬಾವಿ ಕೊರೆಯುವ ಲಾರಿಗೂ ನಾನು ಹೆಸರು ಹುಡುಕಿಕೊಟ್ಟಿದ್ದೇನೆ. ಕಳೆದ ಮಾಘಮಾಸದ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ಚಳ್ಳಕೆರೆಯ ನಮ್ಮ ಮನೆಗೆ ಬಂದು ಕೇಳಿದ ಹೆಸರೊಂದು ಮಾತ್ರ ಇನ್ನೂ ನನ್ನಲ್ಲಿಯೇ ಉಳಿದಿದೆ.

ಈ ಹುಡುಗನು ನಮ್ಮಲ್ಲಿ ಬಿ.ಎ. ಮುಗಿಸಿ ಹತ್ತು ವರ್ಷ ಬೆಂಗಳೂರಿನ ಹೋಟೆಲುಗಳಲ್ಲಿ ದುಡಿದವನು. ಊರಂಚಿನಲ್ಲಿ ಮುಚ್ಚಿಹೋಗಿರುವ ಶೇಂಗಾ ಎಣ್ಣೆಯ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದಿದ್ದನು. ಸಿಎಲ್-9 ಪರವಾನಗಿಯೊಂದನ್ನು ತನ್ನ ಹೆಸರಿಗೆ ವರ್ಗ ಮಾಡಿಸಿಕೊಳ್ಳುವ ಮಾತುಕತೆಯೂ ನಡೆದಿದ್ದಿತು. ಶಾಲೆಗೂ ಗುಡಿಗೂ ನೂರು ಮೀಟರಿಗಿಂತ ಹತ್ತಿರವಿರಬಾರದೆಂಬ ನಿಯಮವಿರುವುದರಿಂದ ತಾನೇ ಹಗ್ಗ ಹಿಡಿದು ಅಳೆದು ಬಂದಿದ್ದನಂತೆ. ಕೈಯಲ್ಲಿದ್ದ ನಕ್ಷೆಯನ್ನು ಜಮಖಾನದ ಮೇಲೆ ಹಾಸಿದನು. ಕಮಾನುಗಳು, ಕರಿಮರದ ತೊಲೆಗಳು, ಮರದ ಪೀಪಾಯಿಗಳು, ಮೇಣದ ಬತ್ತಿಯಂತೆ ಉರಿಯುವ ವಿದ್ಯುದ್ದೀಪಗಳು, ಗೋಡೆಯ ಮೇಲೆ ಇಟಲಿಯ ಚಿತ್ರಗಳ ಪ್ರತಿಗಳು.

“ರಿನೈಸಾನ್ಸ್ ಕಾಲದ ಟ್ಯಾವರ್ನ್ ಸಾರ್. ಒಳಗೆ ಕಾಲಿಟ್ಟರೆ ನಾನೂರು ವರ್ಷ ಹಿಂದಕ್ಕೆ ಹೋದಂಗಿರಬೇಕು. ಹೆಸರು ಮಾತ್ರ ಕನ್ನಡದ್ದೇ ಇರಲಿ ಅಂತ ನಿಮ್ಮ ಹತ್ರ ಬಂದೆ” ಎಂದನು.

“ಯಾರ ನಾನೂರು ವರ್ಷವಪ್ಪ?” ಎಂದು ಕೇಳಿದೆ. ಪ್ರಶ್ನೆ ಕೊಂಕಿನದೆಂದು ಅವನು ಭಾವಿಸಿದನೋ ಏನೋ, ಸುಮ್ಮನಾದನು. ಒಂದು ವಾರ ಬಿಟ್ಟು ಬರಹೇಳಿ ಕಳುಹಿಸಿಕೊಟ್ಟೆ.

ಆ ವಾರವೆಲ್ಲ ಪುಸ್ತಕಗಳ ನಡುವೆ ಕಳೆಯಿತು. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಡಿಯುವ ಮನೆಗಳಲ್ಲಿಯೂ ಮೂರು ವರ್ಣಗಳಿದ್ದವು. ದಾರಿಹೋಕರಿಗೂ ಅವರ ಕುದುರೆಗಳಿಗೂ ತಂಗಲು ಎಡೆಯಿದ್ದದ್ದು ‘ಇನ್’. ದ್ರಾಕ್ಷಾರಸವನ್ನು ಮಾರುತ್ತಿದ್ದದ್ದು ‘ಟ್ಯಾವರ್ನ್’. ಬಡವನು ಬಾರ್ಲಿಯ ಹುಳಿನೀರು ಕುಡಿಯುತ್ತಿದ್ದದ್ದು ‘ಏಲ್‌ಹೌಸ್’. ದ್ರಾಕ್ಷಿ ಹಡಗಿನಲ್ಲಿ ಬರಬೇಕಾದ ದೇಶದಲ್ಲಿ ಟ್ಯಾವರ್ನ್ ಕಾಸಿದ್ದವನ ಜಾಗವಾಗಿದ್ದಿತು. ಸರ್ಕಾರದ ಕಣ್ಣು ಆಗಲೂ ಅದರ ಮೇಲಿದ್ದಿತು: ಲಂಡನ್ನಿನಲ್ಲಿ ನಲವತ್ತಕ್ಕಿಂತ ಹೆಚ್ಚು ಟ್ಯಾವರ್ನುಗಳಿರಕೂಡದೆಂದು 1553ರಲ್ಲಿಯೇ ಕಾಯಿದೆಯಾಯಿತು. ಪರವಾನಗಿಗಾಗಿ ಅಲೆಯುತ್ತಿದ್ದ ನನ್ನ ಶಿಷ್ಯನಿಗೆ ಇದನ್ನು ಹೇಳಿದರೆ ಸಮಾಧಾನವಾದೀತೆಂದುಕೊಂಡೆ. ಓದುಬಾರದವರಿಗೆ ಗುರುತಾಗಲೆಂದು ಬಾಗಿಲಿಗೆ ಐವಿ ಬಳ್ಳಿಯ ಸೊಪ್ಪಿನ ಕಟ್ಟನ್ನು ನೇತುಹಾಕುತ್ತಿದ್ದರು. ಹೆಸರು ಹುಡುಕುವ ತಾಪತ್ರಯವೇ ಇರಲಿಲ್ಲ!

ಇವುಗಳಲ್ಲೆಲ್ಲ ಖ್ಯಾತವಾದದ್ದು ಲಂಡನ್ನಿನ ಬ್ರೆಡ್ ಸ್ಟ್ರೀಟಿನಲ್ಲಿದ್ದ ‘ಮರ್ಮೇಡ್’. ಷೇಕ್ಸ್‌ಪಿಯರನೂ ಬೆನ್ ಜಾನ್ಸನನೂ ಅಲ್ಲಿ ವಾದಕ್ಕೆ ಕೂರುತ್ತಿದ್ದರೆಂಬುದು ಸೊಗಸಾದ ಕಥೆ; ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆಧಾರವಿರುವ ಸಂಗತಿಯೊಂದು ಕಥೆಗಿಂತ ಸೊಗಸಾಗಿದೆ. ಟಾಮಸ್ ಕೊರ್ಯಾಟ್ ಎಂಬ ಅಲೆಮಾರಿಯು ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿಯೇ ಹಿಂದೂಸ್ಥಾನಕ್ಕೆ ಬಂದನು. ಜಹಾಂಗೀರನ ಆಸ್ಥಾನವು ಅಜ್ಮೀರದಲ್ಲಿದ್ದಾಗ, 1615ರಲ್ಲಿ, ಅಲ್ಲಿಂದ ಅವನು ಬರೆದ ಕಾಗದಗಳಲ್ಲೊಂದು ತಿಂಗಳ ಮೊದಲ ಶುಕ್ರವಾರ ಮರ್ಮೇಡಿನಲ್ಲಿ ಸೇರುವ ಗೆಳೆಯರ ಬಳಗದ ವಿಳಾಸಕ್ಕೆ ಹೋಯಿತು. ಸಾವಿರಾರು ಮೈಲಿಯಾಚೆ ಕುಳಿತವನಿಗೆ ಕಣ್ಣಮುಂದೆ ಬಂದದ್ದು ಆ ಮೇಜು, ಆ ಮುಖಗಳು. ಕೊರ್ಯಾಟ್ ಊರಿಗೆ ಹಿಂದಿರುಗಲಿಲ್ಲ. 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡನು. ಮರ್ಮೇಡ್ 1666ರ ಮಹಾ ಅಗ್ನಿಯಲ್ಲಿ ಸುಟ್ಟುಹೋಯಿತು.

ಇನ್ನು ಇಟಲಿ. ಶಿಷ್ಯನ ನಕ್ಷೆಯ ಗೋಡೆಯ ಮೇಲೆ ಕಾರವಾಜ್ಜೋನ ಚಿತ್ರವೊಂದಿದ್ದಿತು. ಈ ಮಹಾಚಿತ್ರಕಾರನು 1604ರಲ್ಲಿ ರೋಮಿನ ಪಾನಗೃಹವೊಂದರಲ್ಲಿ, ಬಡಿಸುವ ಹುಡುಗನು ಮರ್ಯಾದೆಯಿಲ್ಲದೆ ಉತ್ತರ ಕೊಟ್ಟನೆಂದು, ಆರ್ಟಿಚೋಕ್ ಎಂಬ ತರಕಾರಿಯ ತಟ್ಟೆಯನ್ನೇ ಅವನ ಮುಖಕ್ಕೆ ಎಸೆದನು. ಅದರ ಪೊಲೀಸು ದಾಖಲೆ ಇಂದಿಗೂ ಇದೆ. ಎರಡು ವರ್ಷಗಳ ತರುವಾಯ ಅವನು ಜಗಳದಲ್ಲಿ ಒಬ್ಬನನ್ನು ಕೊಂದು ಊರು ಬಿಟ್ಟು ಓಡಿದನು. ಹಳೆಯ ಕಾಲದ ವಾತಾವರಣವೆಂದರೆ ಇದೂ ಸೇರಿಯೇ. ತಟ್ಟೆ ಏಟು ತಿಂದ ಆ ಹುಡುಗನ ಚಿತ್ರವನ್ನು ಯಾರೂ ಬರೆಯಲಿಲ್ಲ.

ನಮ್ಮಲ್ಲಿ ಈ ವಸ್ತುವಿಗೆ ಬಡತನವೇನೂ ಇಲ್ಲ. ಪಂಪನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಸುಭದ್ರೆಯ ನೆನಪಿನಲ್ಲಿ ಬೆಂದ ಅರ್ಜುನನು ದ್ವಾರಾವತಿಯ ಇರುಳಬೀದಿಯಲ್ಲಿ ನಡೆಯುವಾಗ ಕಾಣುವ ಪಾನಗೋಷ್ಠಿಯನ್ನು ನಾನು ಪ್ರತಿವರ್ಷ ಪಾಠಮಾಡುತ್ತೇನೆ. ಹಿಂದಿನ ಬೆಂಚಿನವರು ಅಂದು ಮಾತ್ರ ಎಚ್ಚರವಾಗಿರುತ್ತಾರೆ. ಆದರೆ ಅಂಗಡಿ ಇಟ್ಟವನೇ ಮಾತನಾಡಿದ್ದು ಹನ್ನೆರಡನೆಯ ಶತಮಾನದಲ್ಲಿ. ಹೆಂಡದ ಮಾರಯ್ಯನೆಂಬ ಶರಣನು ಹೆಂಡ ಮಾರುವುದನ್ನು ಕಾಯಕವಾಗಿ ಉಳ್ಳವನು. ಧರ್ಮೇಶ್ವರಲಿಂಗ ಅವನ ಅಂಕಿತ. ತನ್ನ ಕಸುಬಿನ ಮಾತುಗಳಲ್ಲಿಯೇ ವಚನ ಕಟ್ಟಿದನು. ಜಿ. ಪಿ. ರಾಜರತ್ನಂ ಅವರ ರತ್ನನು ಕುಡಿಯುವವನು, ಮಾರಯ್ಯನು ಕೊಡುವವನು. ಕೊಡುವವನ ಮನಸ್ಸು ಲೋಕಸಾಹಿತ್ಯದಲ್ಲಿಯೇ ಅಪರೂಪ. ಹೆಸರು ಇಡುವುದಾದರೆ ಇವನದನ್ನೇ ಇಡಬಹುದೆಂದು ಒಂದು ಗಳಿಗೆ ಅನ್ನಿಸಿದ್ದುಂಟು. ಶರಣರನ್ನು ಬೋರ್ಡಿಗೇರಿಸಿ ಊರಿನ ಕೈಲಿ ಬೈಸಿಕೊಳ್ಳುವ ಧೈರ್ಯ ಸಾಲಲಿಲ್ಲ.

ಈ ನೆಲದ ಕಥೆ ಇನ್ನೂ ತೊಡಕಿನದು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳದ ದಂಡೆಗಳಲ್ಲಿ ಈಚಲು ತಾನಾಗಿಯೇ ಬೆಳೆಯುವ ಮರ. ಮರದ ತಲೆಯ ಬುಡವನ್ನು ಕೆತ್ತಿ ಗಡಿಗೆ ಕಟ್ಟಿದರೆ ಇರುಳೆಲ್ಲ ತೊಟ್ಟಿಕ್ಕುವ ರಸ ನಸುಕಿನಲ್ಲಿ ಸಿಹಿ. ಬಿಸಿಲೇರಿದಂತೆ ಅದೇ ಹುಳಿಯೇರಿ ಹೆಂಡ. ಇದೇ ಸೀಮೆಯ ಮ್ಯಾಸಬೇಡರಾದರೋ ಹೆಂಡವನ್ನೂ ಕೋಳಿಯನ್ನೂ ಮುಟ್ಟದ ಕಟ್ಟಳೆಯವರು. ಪಕ್ಕದ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರೇ ಮೊದಲಾದವರು ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಸಿದರು. ಅಬಕಾರಿಯ ಹುಟ್ಟುವಳಿಗೇ ಕೊಡಲಿಯೆತ್ತಿದಂತಾಯಿತು. ಮುಂದೆ ಅವರೇ ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ಮೈಸೂರು ರಾಜ್ಯವು ಪಾನನಿರೋಧವನ್ನು ಕೈಬಿಟ್ಟಿತು. ಇದನ್ನು ಹೇಳಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಬೊಕ್ಕಸದ ಮುಂದೆ ಕೊಡಲಿ ಮೊಂಡಾದ ಊರು ಇದೊಂದೇ ಅಲ್ಲ.

ಇಷ್ಟೆಲ್ಲ ಬರೆದವನು ತನ್ನ ಮನೆಯ ಸಂಗತಿಯನ್ನು ಮುಚ್ಚಿಟ್ಟರೆ ವಾಚಕರಿಗೆ ಮೋಸವಾದೀತು.

ನನ್ನ ತಂದೆ ಮೊಳಕಾಲ್ಮೂರಿನಲ್ಲಿ ಕೂಲಿಗೆ ರೇಷ್ಮೆ ನೇಯುತ್ತಿದ್ದರು. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಅವರು ಕುಳಿತರೆ ಅಂಚಿನ ಲಾಳಿ ಎಸೆಯಲು ಪಕ್ಕದಲ್ಲಿ ನಾನು. ಸೀರೆ ಇಳಿಸಿದ ದಿನ ಕೂಲಿ. ಅಂದು ಅಮ್ಮ ನನ್ನನ್ನು ಅವರ ಹಿಂದೆಯೇ ಅಟ್ಟುತ್ತಿದ್ದಳು: “ಗಡಂಗಿನ ಬಾಗಿಲಲ್ಲಿ ನಿಂತ್ಕೋ, ಅಪ್ಪನ ಕಣ್ಣಿಗೆ ಬೀಳು, ಬಾಯಿ ಮಾತ್ರ ಬಿಡಬೇಡ.” ಗಡಂಗೆಂದರೆ ತಗಡಿನ ಮಾಡು, ತೆರಪಿಲ್ಲದ ನೊಣ, ಹಲ್ಲಿನಲ್ಲಿ ಮೂಲೆ ಹರಿದು ಉಗಿದ ಸಾರಾಯಿ ಪ್ಯಾಕೆಟ್ಟುಗಳು. ಕೂರಲು ಒಳಗೆ ಒಂದೇ ಹಲಗೆ. ಹೊರಗೆ ಕಲ್ಲೂ ಇರಲಿಲ್ಲ. ಒಂದು ಕಾಲಿನ ಮೇಲೆ ಭಾರ ಹಾಕಿ, ಬೇಸರವಾದಾಗ ಇನ್ನೊಂದಕ್ಕೆ ಬದಲಿಸಿ ನಿಲ್ಲುತ್ತಿದ್ದೆ. ನನ್ನಂತೆಯೇ ನಿಂತ ಬೇರೆ ಮಕ್ಕಳೂ ಇರುತ್ತಿದ್ದರು. ನಾವು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಹೇಳಲು ಕಷ್ಟವಾದ ಮಾತು ಮುಂದಿನದು. ಮನೆಯಲ್ಲಿ ಮೂಕರಂತಿರುತ್ತಿದ್ದ ನಮ್ಮಪ್ಪ ಅಲ್ಲಿ ಹಾಡುತ್ತಿದ್ದರು. ತತ್ತ್ವಪದಗಳು, ಬಯಲಾಟದ ಮಾತುಗಳು. ಕಂಠ ಬಹಳ ಚೆನ್ನಾಗಿದ್ದಿತು. ಒಳಗಿನವರು ಭೇಷೆನ್ನುತ್ತಿದ್ದರು. ಅವರ ನಗುವನ್ನು ನಾನು ಕೇಳಿದ್ದು ಆ ತಗಡಿನ ಆಚೆಯಿಂದಲೇ ಹೆಚ್ಚು. ಹೊರಗೆ ಬರುವ ಹೊತ್ತಿಗೆ ಕೂಲಿಯಲ್ಲಿ ಅರ್ಧವೂ ಉಳಿದಿರುತ್ತಿರಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಪತ್ರಿಕೆಯಲ್ಲಿ ಸುದ್ದಿ ಓದಿ ಹೇಳಿದಾಗ ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ; “ಹೌದಾ” ಎಂದಳು, ಅಷ್ಟೆ.

ವಾರದ ಮೇಲೆ ಶಿಷ್ಯ ಬಂದನು. ಮರ್ಮೇಡಿನ ಕಥೆ ಹೇಳಿದೆ. ಕೊರ್ಯಾಟನ ಕಾಗದ ಅವನಿಗೆ ಬಹಳ ಹಿಡಿಸಿತು. ಅಪ್ಪನ ವಿಷಯವನ್ನೂ ಹೇಳಿದೆ. ಅವನು ನಕ್ಷೆಯನ್ನು ಮಡಿಸತೊಡಗಿದನು. “ಹಂಗಾದರೆ ಬೇಡ ಅಂತೀರಾ ಸಾರ್?”

ಬೇಡವೆನ್ನಲು ನಾನು ಯಾರು? ಈ ಊರಿನಲ್ಲಿ ಬಾರುಗಳಿಗೆ ಕೊರತೆಯಿಲ್ಲ. ಕತ್ತಲೆಗೂಡುಗಳು ಅವು, ಮಾತಿಗೆ ಎಡೆಯಿಲ್ಲ. ಗಿರಣಿಯನ್ನು ನೋಡಿಬರೋಣವೆಂದು ಅವನ ಬೈಕಿನ ಹಿಂದೆ ಕುಳಿತು ಹೋದೆ. ಎತ್ತರದ ಮಾಡು, ಇಟ್ಟಿಗೆಯ ಚಿಮಣಿ, ಹಿಂಡಿಯ ಕಮಟು ಇನ್ನೂ ಹಿಡಿದಿರುವ ಗೋಡೆ, ಮೂಲೆಯಲ್ಲಿ ಮೂಟೆ ತೂಗುವ ತಕ್ಕಡಿ. ಚಳ್ಳಕೆರೆ ಎಣ್ಣೆಯ ಊರೆಂದು ದೇಶಕ್ಕೆ ಹೆಸರಾಗಿದ್ದ ಕಾಲವೊಂದು ಅಲ್ಲಿ ಹಾಗೆಯೇ ನಿಂತಿದ್ದಿತು. ಇದಕ್ಕೆ ಸುಳ್ಳು ಕಮಾನು ಅಂಟಿಸಬೇಡವೆಂದೆ. ಗಾರೆ ಕೆರೆದು ಇಟ್ಟಿಗೆ ತೋರಿಸು, ತಕ್ಕಡಿಯನ್ನು ಇದ್ದಲ್ಲಿಯೇ ಬಿಡು ಎಂದೆ. ಉದ್ದನೆಯ ಒಂದೇ ಮೇಜು ಹಾಕು, ಗುರುತಿಲ್ಲದವರು ಎದುರುಬದುರು ಕೂರಲಿ. ಸಾಲ ಕೊಡಬೇಡ, ಕೂಲಿಯ ದಿನವಂತೂ ಖಂಡಿತ ಬೇಡ. ಅವನು ಎಲ್ಲಕ್ಕೂ ತಲೆಯಾಡಿಸಿದನು. ಸಾಲದ ಮಾತಿಗೆ ಮಾತ್ರ ಸ್ವಲ್ಪ ತಡೆದು.

“ಇನ್ನೊಂದು ಕೇಳ್ತೀನಿ, ನಡೆಸಿಕೊಡು. ಬಾಗಿಲ ಹೊರಗೆ ಒಂದು ಜಗಲಿ ಕಟ್ಟಿಸು. ಮೇಲೊಂದು ದೀಪ. ಒಂದು ಗಡಿಗೆ ನೀರು.”

“ಯಾರಿಗೆ ಸಾರ್?” ಎಂದವನು ನನ್ನ ಮುಖ ನೋಡಿ, ಉತ್ತರಕ್ಕೆ ಕಾಯದೆ ಪೆನ್ಸಿಲು ತೆಗೆದನು.

ತಿದ್ದಿದ ನಕ್ಷೆ ಮೊನ್ನೆ ಬಂದಿದೆ. ಕಮಾನುಗಳು ಹೋಗಿವೆ, ಕಾರವಾಜ್ಜೋ ಉಳಿದುಕೊಂಡಿದ್ದಾನೆ. ಬಾಗಿಲ ಬಲಕ್ಕೆ ಎರಡಡಿ ಅಗಲ, ಎಂಟಡಿ ಉದ್ದದ ಜಗಲಿ. ಎತ್ತರವನ್ನು ಒಂದೂಕಾಲು ಅಡಿಯೆಂದು ಗುರುತಿಸಿದ್ದಾನೆ. ಹತ್ತು ವರ್ಷದ ಮಗು ಕೂತರೆ ಕಾಲು ನೆಲಕ್ಕೆ ತಾಗುವಷ್ಟು. ಮೇಲೆ, ಬೋರ್ಡಿನ ಜಾಗ ಖಾಲಿಯಿದೆ.