ಎಂಜಿನ್ನಿಗಿಂತ ಮೊದಲು ನಂಬರು

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿದ್ದ ಎಂಜಿ ಕಾರು ಕಾರ್ಖಾನೆಯ ಟೆಲಿಫೋನ್ ನಂಬರು 251 ಆಗಿತ್ತು. ಹೊಸ ಮಾದರಿ ಶುರುಮಾಡುವಾಗ ಮೊದಲ ಗಾಡಿಯ ಚಾಸಿಗೆ ಅಲ್ಲಿನವರು 0251 ಎಂದೇ ಅಚ್ಚೊತ್ತುತ್ತಿದ್ದರು. 1945ರಲ್ಲಿ ಬಂದ ಎಂಜಿ ಟಿಸಿ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಎಣಿಕೆಯೂ ಹಾಗೆಯೇ ಟಿಸಿ 0251ರಿಂದ ತೊಡಗಿ, 1949ರ ಹೊತ್ತಿಗೆ ಸುಮಾರು ಹತ್ತು ಸಾವಿರ ಗಾಡಿ ದಾಟಿತು. ಇದನ್ನು ಬಲ್ಲವನಿಗೆ, 0251ಕ್ಕಿಂತ ಕಡಿಮೆ ನಂಬರಿನ ಟಿಸಿಯನ್ನು ಯಾರಾದರೂ ಮಾರಲು ತಂದರೆ ಬಾನೆಟ್ ಎತ್ತುವ ಮೊದಲೇ ಅನುಮಾನ ಹುಟ್ಟುತ್ತದೆ. ಚಾಸಿಯ ಮುಂತುದಿಯಲ್ಲಿ ಕೊರೆದ ಅಂಕಿ, ಬಾನೆಟ್ ಒಳಗಿನ ತಗಡಿನಲ್ಲಿ ನಮೂದಾದ ಅಂಕಿ, ಎಂಜಿನ್ನಿಗೆ ಬಡಿದ ಎಂಟು ಮೂಲೆಯ ಬಿಲ್ಲೆಯ ಮೇಲಿನ ‘ಎಕ್ಸ್‌ಪಿಎಜಿ’ ಅಕ್ಷರ ಮತ್ತು ಅದರ ಮುಂದಿನ ಸಂಖ್ಯೆ, ಕೊನೆಗೆ ಆರ್‌ಸಿ ಪುಸ್ತಕ, ಇವೆಲ್ಲ ಒಂದೇ ಮಾತಾಡಬೇಕು. ಒಂದು ಕಡೆ ಮಾತು ಬದಲಾದರೂ ಕಾರಣ ಕೇಳಬೇಕು. ಅಂಕಿಯ ಸುತ್ತ ಲೋಹವನ್ನು ಉಜ್ಜಿದ ಗುರುತಿದ್ದರೆ, ಅಕ್ಷರಗಳು ಸಾಲು ತಪ್ಪಿದ್ದರೆ, ಅಲ್ಲಿಗೆ ವ್ಯಾಪಾರ ನಿಲ್ಲಿಸುವುದೇ ಲೇಸು.

ಹಳೆಯ ಸ್ಪೋರ್ಟ್ಸ್ ಕಾರು ಪರೀಕ್ಷಿಸುವ ಕಲೆಯ ಬಗ್ಗೆ ಬರೆಯಲು ಗುರುಗ್ರಾಮಕ್ಕಿಂತ ತಕ್ಕ ಊರು ಸಿಗುವುದು ಕಷ್ಟ. ಎಂಜಿ ಲಾಂಛನ ಹೊತ್ತ ಇಂದಿನ ಕಾರು ಕಂಪನಿಯ ಭಾರತೀಯ ಮುಖ್ಯ ಕಚೇರಿ ಇರುವುದು ಇಲ್ಲೇ. ‘21 ಗನ್ ಸೆಲ್ಯೂಟ್’ ಎಂಬ ಹಳೆಯ ಕಾರುಗಳ ಸ್ಪರ್ಧಾ ಪ್ರದರ್ಶನ ದೆಹಲಿಯ ಇಂಡಿಯಾ ಗೇಟಿನಿಂದ ಇಲ್ಲಿಯವರೆಗೆ ಬಂದಿದೆ. ಊರಾಚೆ, ನೂಹ್ ಜಿಲ್ಲೆಯ ತಾವಡೂದಲ್ಲಿ, ತರುಣ್ ಠಕ್ರಾಲ್ ಅವರ ಸಂಗ್ರಹದಿಂದ ಬೆಳೆದು 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಇದೆ; ಕೊಳ್ಳುವ ಯೋಚನೆ ಇರುವವರು ಮೊದಲು ಅಲ್ಲಿ ಒಂದು ದಿನ ಕಳೆದರೆ ಕಣ್ಣು ಪಳಗುತ್ತದೆ. ಆದರೆ ಹಳೆಯ ಗಾಡಿಗೆ ದೇಶದಲ್ಲೇ ಅತಿ ಬಿಗಿಯಾದ ಕಟ್ಟುಪಾಡು ಇರುವುದೂ ಗುರುಗ್ರಾಮ ಸೇರಿದ ಈ ರಾಜಧಾನಿ ವಲಯದಲ್ಲೇ. ಎಂಜಿನ್ ಹೇಗೆ ಗುಡುಗುತ್ತದೆ ಎಂದು ಕೇಳುವ ಮೊದಲು ಈ ಗಾಡಿ ಯಾರು ಎಂದು ಕೇಳಬೇಕು ಎಂಬ ನನ್ನ ವಾದಕ್ಕೆ ಬಲ ಬರುವುದೂ ಇದರಿಂದಲೇ.

ಕಾನೂನನ್ನೇ ನೋಡೋಣ. ರಾಜಧಾನಿ ವಲಯದಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ 2015ರ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆಮೇಲೂ ವ್ಯಾಜ್ಯ ಮುಂದುವರಿದಿದೆ; ಕೊಳ್ಳುವ ದಿನ ಜಾರಿಯಲ್ಲಿರುವ ಆದೇಶವನ್ನು ಓದಿಯೇ ಮುಂಗಡ ಕೊಡಬೇಕು. ಬೆಂಗಳೂರಿನಲ್ಲಿ ಫಿಟ್‌ನೆಸ್ ತೋರಿಸಿ, ಹಸಿರು ತೆರಿಗೆ ಕಟ್ಟಿ ನೋಂದಣಿ ನವೀಕರಿಸಿಕೊಂಡ ಗಾಡಿ ಇಲ್ಲಿಗೆ ಬಂದರೂ ಹಾಗೆಯೇ ಓಡಾಡೀತು ಎಂದು ನಂಬಿ ತರಿಸಿಕೊಳ್ಳುವುದು ದುಬಾರಿ ತಪ್ಪಾದೀತು. ಇದಕ್ಕೆ ಹೊರದಾರಿಯೆಂದರೆ 2021ರ ಜುಲೈನ ವಿಂಟೇಜ್ ನಿಯಮ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಖಾಸಗಿ ಗಾಡಿಗೆ 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷದ ನೋಂದಣಿಯೂ ‘ವಿಎ’ ಅಕ್ಷರದ ನಂಬರ್ ಪ್ಲೇಟೂ ಸಿಗುತ್ತವೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ದಿನನಿತ್ಯ ಆಫೀಸಿಗೆ ಒಯ್ಯುವಂತಿಲ್ಲ. ಇನ್ನೊಂದು ಷರತ್ತು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ನಂಬರು ಹೊಂದದ ಗಾಡಿ ಎಷ್ಟೇ ಸೊಗಸಾಗಿ ಓಡಿದರೂ ಈ ಬಾಗಿಲಲ್ಲಿ ಸಿಕ್ಕಿಕೊಳ್ಳಬಹುದು.

ಸ್ಪೋರ್ಟ್ಸ್ ಕಾರು ಕೊಳ್ಳುವುದೇ ಓಡಿಸುವ ಸುಖಕ್ಕೆ, ಕಾಗದ ಹಿಡಿದು ಕೂತರೆ ಬಂದ ಭಾಗ್ಯವೇನು ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ನ್ಯಾಯವಿದೆ. ಆದರೆ ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಎಂಜಿ ಗಾಡಿಗಳ ಬಿಡಿಭಾಗಗಳು ಇಂದಿಗೂ ಬ್ರಿಟನ್ನಿನಿಂದ ಬರುತ್ತವೆ. ಅಳಿಸಿಹೋದ ಗುರುತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಆಮದು ಬಿಗಿಯಾಗಿದ್ದ ಕಾಲದಲ್ಲಿ ನಮ್ಮ ಮೆಕ್ಯಾನಿಕ್‌ಗಳು ಇಂಥ ಗಾಡಿಗಳನ್ನು ಉಳಿಸಿದ್ದೇ ಸಿಕ್ಕಿದ್ದನ್ನು ಹೊಂದಿಸಿ. 1955ರ ಎಂಜಿಎ ಕಾರಿನದೂ ನಮ್ಮ ಅಂಬಾಸಡರಿನದೂ ಒಂದೇ ಬಿ-ಸೀರೀಸ್ ಕುಲದ 1489 ಸಿಸಿ ಎಂಜಿನ್. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನ ಬೇರು ಇರುವುದು ಹೆರಾಲ್ಡ್ ಕಾರಿನಲ್ಲಿ, ಆ ಹೆರಾಲ್ಡ್ ಮದರಾಸಿನಲ್ಲೇ ತಯಾರಾಗುತ್ತಿತ್ತು. ಹೀಗೆ ಹೃದಯ ಬದಲಾದ ಗಾಡಿಯನ್ನು ಕೀಳೆಂದು ಕಾಣುವುದು ಆ ಕೈಗಳಿಗೆ ಮಾಡುವ ಅನ್ಯಾಯ. ನನ್ನ ತಕರಾರು ಬದಲಾವಣೆಯ ಮೇಲಲ್ಲ, ಬಚ್ಚಿಟ್ಟ ಬದಲಾವಣೆಯ ಮೇಲೆ. ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ದಾಖಲಾಗಿರಬೇಕು, ಬೆಲೆಯಲ್ಲಿ ಕಾಣಬೇಕು.

ನಂಬರಿನ ನಂತರ ಮೈಕಟ್ಟು. ಟಿಸಿಯ ತಗಡಿನ ಒಳಗಿರುವುದು ಆ್ಯಶ್ ಮರದ ಚೌಕಟ್ಟು. ಗುರುಗ್ರಾಮದ ಮೇ ತಿಂಗಳ ಬಿಸಿಗೆ ಮರ ಒಣಗಿ ಕೀಲು ಸಡಿಲಾಗುತ್ತದೆ, ಮಳೆಗಾಲದ ತೇವಕ್ಕೆ ಬುಡ ಕೊಳೆಯುತ್ತದೆ, ಮೇಲಿನ ಬಣ್ಣ ಮಾತ್ರ ಫಳಫಳ. ಟಿಸಿಯ ಬಾಗಿಲಿನ ಕೀಲು ಹಿಂದಿರುತ್ತದೆ. ಬಾಗಿಲನ್ನು ಅರ್ಧ ತೆರೆದು ಮೆಲ್ಲಗೆ ಮೇಲಕ್ಕೆತ್ತಬೇಕು. ಕೀಲು ಹಿಡಿದ ಕಂಬವೇ ಅಲುಗಾಡಿದರೆ ಒಳಗಿನ ಮರ ಸತ್ತಿದೆ. 1962ರಿಂದ 1980ರವರೆಗೆ ತಯಾರಾದ ಎಂಜಿಬಿಯ ಕತೆಯೇ ಬೇರೆ. ಅದಕ್ಕೆ ಪ್ರತ್ಯೇಕ ಚಾಸಿ ಇಲ್ಲ, ಬಾಗಿಲ ಕೆಳಗೆ ಉದ್ದಕ್ಕೆ ಹಾಯುವ ಪಟ್ಟಿಗಳೇ ಬೆನ್ನೆಲುಬು. ಜಾಕ್ ಏರಿಸಿದಾಗ ಬಾಗಿಲ ಸಂದು ಕಿರಿದಾದರೆ ತುಕ್ಕು ಒಳಗೇ ತಿಂದಿದೆ ಎಂದರ್ಥ. ಮೆತ್ತನೆಯ ಬಟ್ಟೆ ಸುತ್ತಿದ ಅಯಸ್ಕಾಂತ ಉಕ್ಕಿನ ಮೈಯಲ್ಲಿ ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡಲ್ಲ, ಪುಟ್ಟಿ ಇದೆ. ಎಂಜಿಬಿಗೆ 1988ರಿಂದ ಬ್ರಿಟನ್ನಿನಲ್ಲಿ ಹೊಸ ಬಾಡಿಯೇ ತಯಾರಾಗಿ ಸಿಗುತ್ತಿದೆ, ಹೌದು. ಆದರೆ ಅದನ್ನು ತೊಡಿಸಿದ ಗಾಡಿ ನಮ್ಮ ವಿಂಟೇಜ್ ನಿಯಮದ ಮುಂದೆ ಪ್ರಶ್ನೆಯಾಗಿ ನಿಲ್ಲುತ್ತದೆ. ಕಡ್ಡಿಚಕ್ರಗಳಿದ್ದರೆ ಬ್ರೇಕ್ ತುಳಿದು ಚಕ್ರ ಅಲ್ಲಾಡಿಸಿ ನೋಡಬೇಕು. ‘ಟಕ್’ ಎಂದರೆ ಹಬ್ಬಿನ ಹಲ್ಲು ಸವೆದಿದೆ.

ಎಂಜಿನ್ನಿಗೆ ಮೂರೇ ಮಾತು ಸಾಕು. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು, ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ ಕುಸಿಯುತ್ತದೆಯೇ ನೋಡಬೇಕು, ಹೊಗೆ ನೀಲಿಯೇ ಬಿಳಿಯೇ ಗಮನಿಸಬೇಕು. ರಿಪೇರಿಯವರಿಗೆ ಗೊತ್ತಿರಬೇಕಾದ ವಿಚಿತ್ರವೊಂದಿದೆ: ಟಿಸಿ ಎಂಜಿನ್ನಿನ ಬೋಲ್ಟುಗಳ ತಿರುಪು ಮೆಟ್ರಿಕ್, ತಲೆ ಮಾತ್ರ ಬ್ರಿಟನ್ನಿನ ವಿಟ್‌ವರ್ತ್ ಅಳತೆಯದು. ಮಾಮೂಲಿ ಸ್ಪ್ಯಾನರ್ ಹಿಡಿದು ಬಿಚ್ಚಿದವರು ಅದರ ಮೂಲೆ ಸವೆಸಿರುತ್ತಾರೆ, ಯಾರ ಕೈ ಬಿದ್ದಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ನಿಯಮ ಇನ್ನಷ್ಟು ಸೂಕ್ಷ್ಮವಾಗಬೇಕೆಂಬುದು ನನ್ನ ಆಸೆ. ಬಿಡಿಭಾಗಗಳ ಬರಗಾಲದಲ್ಲಿ ಜೀವ ಉಳಿಸಲು ಮಾಡಿದ ಹೊಂದಾಣಿಕೆಗೂ ಶೋಕಿಗೆ ಮಾಡಿದ ಮಾರ್ಪಾಡಿಗೂ ಅದು ವ್ಯತ್ಯಾಸ ಗುರುತಿಸಬೇಕು. ಹದಿನೈದಕ್ಕೂ ಐವತ್ತಕ್ಕೂ ನಡುವೆ ಸಿಕ್ಕಿಬಿದ್ದ ಗಾಡಿಗಳಿಗೆ ವರ್ಷದಲ್ಲಿ ಕೆಲವು ದಿನವಾದರೂ ರಸ್ತೆ ಕಾಣುವ ದಾರಿ ತೋರಬೇಕು. 1980ರಲ್ಲಿ ನೋಂದಣಿಯಾದ ಎಂಜಿಬಿಗೆ ವಿಂಟೇಜ್ ಪಟ್ಟ ಸಿಗಲು 2030 ಬರಬೇಕು. ಅಲ್ಲಿಯವರೆಗೆ ಅದು ಶೆಡ್ಡಿನಲ್ಲಿ ಕಾಯಬಲ್ಲದು. ಆದರೆ ಜೋಡಿ ಎಸ್‌ಯು ಕಾರ್ಬುರೇಟರ್‌ಗಳ ಉಸಿರನ್ನು ರಬ್ಬರ್ ಕೊಳವೆಯೊಂದನ್ನು ಕಿವಿಗೆ ಹಿಡಿದೇ ಸರಿದೂಗಿಸುವ ಮೆಕ್ಯಾನಿಕ್‌ಗೆ ಅಷ್ಟು ವರ್ಷ ಕಾಯುವ ಪುರುಸೊತ್ತು ಇರುತ್ತದೆಯೇ, ಆ ವಿದ್ಯೆ ಕಲಿಯಲು ಆತನ ಬಳಿ ಯಾರಾದರೂ ಹುಡುಗರು ಉಳಿದಿರುತ್ತಾರೆಯೇ ಎಂಬುದೇ ನನ್ನ ಚಿಂತೆ.