ಹಲವು ಸಂಸ್ಕಾರಕಗಳ ಗಣಕಯಂತ್ರ: ಕೆಲಸದ ಹಂಚಿಕೆ ಹೇಗೆ?

ಶಾಲೆಗೊಂದು ಗಣಕಯಂತ್ರದ ಕೊಠಡಿ ಬೇಕೆಂಬ ಮಾತು ಇಂದು ಚಿತ್ರದುರ್ಗ ನಗರದಲ್ಲಿ ಮಾತ್ರವಲ್ಲದೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ದಾನಿಗಳಿಂದಲೋ ಪೋಷಕರಿಂದಲೋ ಕೂಡಿಬಂದ ಹಣವನ್ನು ಹಿಡಿದು ಅಂಗಡಿಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ, ನಾಲ್ಕು ಕೋರಿನ ಯಂತ್ರ ಬೇಕೋ ಎಂಟು ಕೋರಿನದು ಬೇಕೋ ಎಂಬುದು. ಎಂಟು ನಾಲ್ಕರ ಎರಡರಷ್ಟು. ಆದುದರಿಂದ ವೇಗವೂ ಎರಡರಷ್ಟಿರಬೇಕು ಎಂದು ಎಣಿಸುವುದು ಸಹಜ. ಈ ಎಣಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಸಾರ್ವಜನಿಕರ ಹಣದ ಪ್ರಶ್ನೆಯಾದುದರಿಂದ ಇದನ್ನು ಕೇವಲ ತಂತ್ರಜ್ಞರ ವಿಚಾರವೆಂದು ಬಿಡುವಂತಿಲ್ಲ.

ಗಣಕಯಂತ್ರದಲ್ಲಿ ಲೆಕ್ಕಮಾಡುವ ಅಂಗಕ್ಕೆ ಸಂಸ್ಕಾರಕ ಅಥವಾ ಪ್ರೊಸೆಸರ್ ಎಂದು ಹೆಸರು. ಬಹುಕಾಲ ಮೇಜಿನ ಮೇಲಿನ ಯಂತ್ರಕ್ಕೆ ಒಂದೇ ಸಂಸ್ಕಾರಕವಿರುತ್ತಿತ್ತು; ಅದರ ಬಡಿತದ ವೇಗವನ್ನು ಹೆಚ್ಚಿಸುತ್ತ ಹೋಗುವುದೇ ತಯಾರಕರ ಮಾರ್ಗವಾಗಿತ್ತು. 2004ರ ಹೊತ್ತಿಗೆ ಪೆಂಟಿಯಂ 4 ಎಂಬ ಸಂಸ್ಕಾರಕ 3.8 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 380 ಕೋಟಿ ಬಡಿತಗಳನ್ನು ಮುಟ್ಟಿತು. ಅಲ್ಲಿಂದ ಮುಂದೆ ಉಷ್ಣದ ಸಮಸ್ಯೆ ಅಡ್ಡಬಂದಿತು. 4 ಗಿಗಾಹರ್ಟ್ಸಿನ ಯೋಜನೆಯನ್ನು ಇಂಟೆಲ್ ಸಂಸ್ಥೆ ಅದೇ ವರ್ಷ ಕೈಬಿಟ್ಟಿತು. ಒಬ್ಬ ಕೆಲಸಗಾರನನ್ನು ಇನ್ನೂ ಬೇಗ ದುಡಿಸಲಾಗದಿದ್ದಾಗ ಇಬ್ಬರನ್ನು ನೇಮಿಸುವುದೇ ಉಳಿದ ದಾರಿ. 2005ರಲ್ಲಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳೆರಡೂ ಒಂದೇ ಬಿಲ್ಲೆಯ ಮೇಲೆ ಎರಡು ಲೆಕ್ಕದ ಅಂಗಗಳನ್ನು ಕೂರಿಸಿದ ಸಂಸ್ಕಾರಕಗಳನ್ನು ಸಾಮಾನ್ಯ ಯಂತ್ರಗಳಿಗೆಂದು ಮಾರುಕಟ್ಟೆಗೆ ತಂದವು. ಈ ಅಂಗಗಳೇ ಕೋರುಗಳು.

ಹಲವು ಸಂಸ್ಕಾರಕಗಳನ್ನು ಒಟ್ಟಿಗೆ ದುಡಿಸುವ ಪ್ರಯತ್ನ ಅದಕ್ಕೂ ಹಳೆಯದು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿಯೇ 'ಫ್ಲೋಸಾಲ್ವರ್' ಎಂಬ ಯಂತ್ರ ಸಿದ್ಧವಾಗಿತ್ತು. ವಾಯುವಿನ ಹರಿವಿನ ಸಮೀಕರಣಗಳನ್ನು ಬಿಡಿಸುವುದು ಅದರ ಕಾರ್ಯ. ನಮ್ಮ ದೇಶದ ಮೊದಲ ಸಮಾಂತರ ಗಣಕಯಂತ್ರವೆಂಬ ಕೀರ್ತಿ ಅದಕ್ಕೆ ಸಲ್ಲುತ್ತದೆ. ಅಂತಹ ಯಂತ್ರಗಳಲ್ಲಿ ಸಮಸ್ಯೆಯನ್ನು ತುಂಡುಗಳಾಗಿ ಸೀಳಿ ಪ್ರತಿಯೊಂದು ಸಂಸ್ಕಾರಕಕ್ಕೆ ಒಂದೊಂದು ಪಾಲು ಕೊಡುವ ಹೊಣೆ ಕ್ರಮವಿಧಿಯನ್ನು ಬರೆಯುವ ವಿಜ್ಞಾನಿಗಳದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿವರಣೆಯೆಲ್ಲ ಇದನ್ನು ಅವಲಂಬಿಸಿದೆ.

ನಮ್ಮ ಶಾಲೆಯ ಯಂತ್ರದಲ್ಲಿ ಕೋರುಗಳಿಗೆ ಕೆಲಸ ಹಂಚುವ ಮೇಸ್ತ್ರಿ ಯಾರು? ಆಪರೇಟಿಂಗ್ ಸಿಸ್ಟಂ ಎಂದು ಎಲ್ಲರೂ ಕರೆಯುವ ಕಾರ್ಯಾಚರಣ ವ್ಯವಸ್ಥೆ. ವಿಂಡೋಸ್, ಲಿನಕ್ಸ್ ಮೊದಲಾದವು. ಯಂತ್ರದಲ್ಲಿ ತೆರೆದಿರುವ ಪ್ರತಿಯೊಂದು ಕ್ರಮವಿಧಿಯೂ ಒಂದು ಅಥವಾ ಹಲವು ಎಳೆಗಳಾಗಿ ನಡೆಯುತ್ತದೆ. ಬರೆಯುವ ಪುಟ ಒಂದು ಎಳೆ, ಹಾಡು ನುಡಿಸುವುದು ಇನ್ನೊಂದು ಎಳೆ. ಯಾವ ಎಳೆ ಯಾವ ಕೋರಿನ ಮೇಲೆ ಎಷ್ಟು ಹೊತ್ತು ಓಡಬೇಕೆಂಬುದನ್ನು ವ್ಯವಸ್ಥೆಯ 'ಷೆಡ್ಯೂಲರ್' ಎಂಬ ಭಾಗ ಗೊತ್ತುಮಾಡುತ್ತದೆ. ಎಳೆಗಳು ಹೆಚ್ಚಿದ್ದು ಕೋರುಗಳು ಕಡಿಮೆಯಿದ್ದರೆ ಒಂದೊಂದಕ್ಕೂ ಕೆಲವೇ ಸಹಸ್ರಾಂಶ ಸೆಕೆಂಡುಗಳ ಸರದಿ. ಒಂದು ಕೋರಿನ ಮುಂದೆ ಸಾಲು ಬೆಳೆದು ಇನ್ನೊಂದು ಬಿಡುವಾಗಿದ್ದರೆ, ಬಿಡುವಿನ ಕೋರು ಆ ಸಾಲಿನಿಂದ ಕೆಲವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆದರೆ ಹೀಗೆ ಎಳೆಯುವುದಕ್ಕೂ ಬೆಲೆಯುಂಟು. ಪ್ರತಿ ಕೋರಿನ ಪಕ್ಕದಲ್ಲಿ 'ಕ್ಯಾಶ್' ಎಂಬ ಚಿಕ್ಕ, ಅತಿ ಶೀಘ್ರವಾದ ಸ್ಮರಣಕೋಶವಿದೆ. ಆಗತಾನೆ ಬಳಸಿದ ಮಾಹಿತಿ ಅಲ್ಲಿರುತ್ತದೆ. ಎಳೆ ಬೇರೆ ಕೋರಿಗೆ ಹೋದರೆ ಅದನ್ನೆಲ್ಲ ಮತ್ತೆ ತರಿಸಬೇಕು. ಆದಕಾರಣ ಜಾಣ ಷೆಡ್ಯೂಲರ್ ಆದಷ್ಟು ಎಳೆಯನ್ನು ಹಳೆಯ ಜಾಗದಲ್ಲಿಯೇ ಉಳಿಸಲು ನೋಡುತ್ತದೆ.

ಇಲ್ಲಿ ಅಡಿಕೆಯ ಸುಗ್ಗಿಯನ್ನು ನೆನೆಯಬಹುದು. ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಸಿ ಅಡಿಕೆಯ ರಾಶಿಯನ್ನು ಸುಲಿಯಲು ಒಬ್ಬರ ಬದಲು ಹತ್ತು ಮಂದಿ ಕುಳಿತರೆ ಕೆಲಸ ಹತ್ತರಲ್ಲೊಂದು ಹೊತ್ತಿನಲ್ಲಿ ಮುಗಿದೀತು. ಒಂದು ಕಾಯಿಗೂ ಇನ್ನೊಂದು ಕಾಯಿಗೂ ಸಂಬಂಧವಿಲ್ಲ. ಆದರೆ ಬೇಯಿಸುವ ಹಂಡೆಗೆ ಈ ನ್ಯಾಯ ಹೊಂದದು. ಹತ್ತು ಹಂಡೆಗಳನ್ನು ಒಲೆಗೇರಿಸಿದರೆ ಹತ್ತು ಹಂಡೆ ಅಡಿಕೆ ಒಟ್ಟಿಗೆ ಬೆಂದೀತೇ ಹೊರತು, ಒಂದು ಹಂಡೆಯ ಅಡಿಕೆ ಹತ್ತರಲ್ಲೊಂದು ಹೊತ್ತಿನಲ್ಲಿ ಬೇಯುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯ ಶಕ್ತಿಯೂ ಮಿತಿಯೂ ಇಷ್ಟೇ. ಸಿದ್ಧವಾಗಿ ಬಂದ ಎಳೆಗಳನ್ನು ಅದು ಹಂಚಬಲ್ಲುದು. ಒಂದೇ ಎಳೆಯಾಗಿ ಬರೆದ ಕೆಲಸವನ್ನು ಅದು ಸೀಳಲಾರದು. ಸೀಳುವುದು ಕ್ರಮವಿಧಿಕಾರನ ಕೈಯಲ್ಲಿದೆ.

ಸೀಳಬಹುದಾದ ಕೆಲಸದಲ್ಲಿಯೂ ಸೀಳಲಾಗದ ಭಾಗವೊಂದು ಉಳಿದೇ ಇರುತ್ತದೆ. ಅದರ ಪರಿಣಾಮವನ್ನು 1967ರಲ್ಲಿ ಜೀನ್ ಆಮ್ಡಾಲ್ ಎಂಬ ಅಮೆರಿಕದ ತಜ್ಞರು ತೋರಿಸಿಕೊಟ್ಟರು. 100 ನಿಮಿಷದ ಕೆಲಸದಲ್ಲಿ 80 ನಿಮಿಷದ್ದನ್ನು ಹಂಚಬಹುದು, 20 ನಿಮಿಷದ್ದನ್ನು ಹಂಚಲಾಗದು ಎಂದಿಟ್ಟುಕೊಳ್ಳೋಣ. ಎರಡು ಕೋರುಗಳಿದ್ದರೆ ಒಟ್ಟು 60 ನಿಮಿಷ, ನಾಲ್ಕಿದ್ದರೆ 40, ಎಂಟಿದ್ದರೆ 30. ನಾಲ್ಕರಿಂದ ಎಂಟಕ್ಕೆ ಹೋದಾಗ ಉಳಿದದ್ದು ಹತ್ತೇ ನಿಮಿಷ. ಸಾವಿರ ಕೋರುಗಳಿದ್ದರೂ 20 ನಿಮಿಷಕ್ಕಿಂತ ಕೆಳಗಿಳಿಯುವಂತಿಲ್ಲ.

ಚಿತ್ರದುರ್ಗದವರಿಗೆ ಈ ತತ್ತ್ವ ಹೊಸದಾಗಿ ಕಾಣಬಾರದು. ಹೈದರಾಲಿಯ ಸೈನ್ಯ ಎಷ್ಟೇ ದೊಡ್ಡದಾಗಿದ್ದರೂ ಆ ಕಿಂಡಿಯಲ್ಲಿ ಒಮ್ಮೆಗೆ ಒಬ್ಬನೇ ನುಸುಳಬೇಕಾಗಿತ್ತು. ಓಬವ್ವನ ಒನಕೆಗೆ ಅಷ್ಟೇ ಸಾಕಾಯಿತು. ಗಣಕಯಂತ್ರದಲ್ಲಿಯೂ ಇಂತಹ ಕಿಂಡಿಗಳಿವೆ. ಕೆಲವನ್ನು ಬೇಕೆಂದೇ ಇಡುತ್ತಾರೆ. ಶಾಲೆಯ ಶುಲ್ಕದ ಖಾತೆಯಲ್ಲಿ 5,000 ರೂಪಾಯಿ ಇದೆಯೆನ್ನೋಣ. ಒಂದು ಕೋರು ಅದನ್ನು ಓದಿ 200 ಸೇರಿಸುತ್ತಿರುವಾಗಲೇ ಇನ್ನೊಂದು ಕೋರು ಅದೇ 5,000ವನ್ನು ಓದಿ 300 ಸೇರಿಸುತ್ತದೆ. ಕೊನೆಯಲ್ಲಿ ಬರೆದವರ ಮಾತೇ ಉಳಿಯುವುದರಿಂದ ಖಾತೆಯಲ್ಲಿ 5,500 ಇರಬೇಕಾದಲ್ಲಿ 5,200 ಅಥವಾ 5,300 ಕಾಣುತ್ತದೆ. ಇದನ್ನು ತಪ್ಪಿಸಲು ಮಾಹಿತಿಗೆ ಬೀಗ ಹಾಕುತ್ತಾರೆ. ಬೀಗ ಹಿಡಿದ ಎಳೆ ಹೊರಬರುವವರೆಗೆ ಉಳಿದವು ಕಾಯಬೇಕು.

ಕಾರ್ಯಾಚರಣ ವ್ಯವಸ್ಥೆಗಳ ಇತಿಹಾಸವೆಂದರೆ ಬಹುಮಟ್ಟಿಗೆ ಈ ಕಿಂಡಿಗಳನ್ನು ಅಗಲಿಸಿದ ಇತಿಹಾಸ. ವಿಂಡೋಸ್ 95 ಮತ್ತು 98ಕ್ಕೆ ಒಂದಕ್ಕಿಂತ ಹೆಚ್ಚು ಸಂಸ್ಕಾರಕಗಳನ್ನು ಬಳಸಲು ಬರುತ್ತಲೇ ಇರಲಿಲ್ಲ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಎಂಬ ಬೇರೊಂದು ವಂಶಕ್ಕೆ ಆ ವಿದ್ಯೆ ತಿಳಿದಿತ್ತು, ಇಂದಿನ ವಿಂಡೋಸ್ ಅದರ ಸಂತತಿ. ಲಿನಕ್ಸ್ 1996ರಲ್ಲಿ ತನ್ನ 2.0 ಆವೃತ್ತಿಯಲ್ಲಿ ಹಲವು ಸಂಸ್ಕಾರಕಗಳನ್ನು ಒಪ್ಪಿಕೊಂಡಿತು. ಆದರೆ ವ್ಯವಸ್ಥೆಯ ಗರ್ಭಭಾಗಕ್ಕೆ ಒಂದೇ ಒಂದು ದೊಡ್ಡ ಬೀಗ. ಒಮ್ಮೆಗೆ ಒಂದೇ ಸಂಸ್ಕಾರಕಕ್ಕೆ ಒಳಗೆ ಪ್ರವೇಶ. ಅದನ್ನು ಚಿಕ್ಕ ಚಿಕ್ಕ ಬೀಗಗಳಾಗಿ ಒಡೆಯುವ ಕೆಲಸ ಹದಿನೈದು ವರ್ಷ ಹಿಡಿಯಿತು. 2011ರಲ್ಲಿ ಆ ದೊಡ್ಡ ಬೀಗವನ್ನು ಪೂರ್ತಿಯಾಗಿ ಕಿತ್ತುಹಾಕಲಾಯಿತು. ಹಣ ಕೊಟ್ಟರೆ ಸಿಗುವ ಪ್ರಗತಿ ಇದಲ್ಲ, ತಾಳ್ಮೆಯಿಂದ ಮಾತ್ರ ಸಾಧ್ಯವಾಗುವಂತಹುದು. ವಿದ್ಯಾರ್ಥಿಗಳು ಕಲಿಯುವ ಪೈಥಾನ್ ಭಾಷೆಯ ಪ್ರಚಲಿತ ರೂಪದಲ್ಲಿಯೂ ಇಂತಹುದೇ ಬೀಗವೊಂದಿದೆ. ಎಂಟು ಎಳೆಗಳನ್ನು ಹೊಸೆದರೂ ಒಮ್ಮೆಗೆ ಒಂದೇ ಎಳೆ ಪೈಥಾನಿನ ಆಜ್ಞೆಗಳನ್ನು ನಡೆಸುತ್ತದೆ. ಆ ಬೀಗವಿಲ್ಲದ ಪ್ರಯೋಗರೂಪ 2024ರಲ್ಲಿ ಹೊರಬಂದಿತು.

ಇನ್ನು ಅಂಗಡಿಯ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ. 2002ರಲ್ಲಿ ಪೆಂಟಿಯಂ 4ರ ಕಾಲದಲ್ಲಿಯೇ ಬಳಕೆಗೆ ಬಂದ ಹೈಪರ್‌ಥ್ರೆಡಿಂಗ್ ಎಂಬ ಉಪಾಯದಿಂದ ಒಂದು ಕೋರು ಎರಡೆಂಬಂತೆ ತೋರುತ್ತದೆ. ಒಂದು ಎಳೆ ಮಾಹಿತಿಗಾಗಿ ಕಾಯುವಾಗ ಇನ್ನೊಂದು ಎಳೆ ಅದೇ ಅಂಗವನ್ನು ಬಳಸಿಕೊಳ್ಳುತ್ತದೆ. ಲಾಭವುಂಟು, ಆದರೆ ಎರಡರಷ್ಟಲ್ಲ. ಆದ್ದರಿಂದ 'ಎಂಟು' ಎಂದಾಗ ಅದು ಎಂಟು ಕೋರುಗಳೋ, ನಾಲ್ಕು ಕೋರುಗಳ ಎಂಟು ಎಳೆಗಳೋ ಎಂದು ವಿಚಾರಿಸಬೇಕು. 2021ರಿಂದೀಚೆಗೆ ಇಂಟೆಲ್ ಸಂಸ್ಥೆಯ ಹಲವು ಸಂಸ್ಕಾರಕಗಳಲ್ಲಿ ಕೋರುಗಳೆಲ್ಲ ಸಮಾನವೂ ಅಲ್ಲ. ಕೆಲವು ಬಲವಾದವು, ಕೆಲವು ವಿದ್ಯುತ್ತನ್ನು ಮಿತವಾಗಿ ಬಳಸುವ ಚಿಕ್ಕವು. ಯಾವ ಎಳೆಯನ್ನು ಯಾವುದಕ್ಕೆ ಕೊಡಬೇಕೆಂಬ ವಿವೇಚನೆಯೂ ಷೆಡ್ಯೂಲರಿನ ತಲೆಯ ಮೇಲೆ ಬಿದ್ದಿದೆ.

ಈಗಾಗಲೇ ಇರುವ ಯಂತ್ರದಲ್ಲಿ ಇದನ್ನೆಲ್ಲ ಕಣ್ಣಾರೆ ಕಾಣಬಹುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರನ್ನು ತೆರೆದು, ನಿಧಾನವೆನಿಸಿದ ಕ್ರಮವಿಧಿಯನ್ನು ನಡೆಸಬೇಕು. ಹೈಪರ್‌ಥ್ರೆಡಿಂಗ್ ಇಲ್ಲದ ನಾಲ್ಕು ಕೋರಿನ ಯಂತ್ರದಲ್ಲಿ ಬಳಕೆ ಶೇಕಡ 25ರ ಆಸುಪಾಸಿನಲ್ಲಿಯೇ ನಿಂತುಬಿಟ್ಟರೆ ಅದು ಒಂದೇ ಎಳೆಯ ಕೆಲಸವೆಂದು ಊಹಿಸಬಹುದು. ಒಂದೇ ಎಳೆಯನ್ನು ವ್ಯವಸ್ಥೆ ಆಗಾಗ ಕೋರಿನಿಂದ ಕೋರಿಗೆ ಸಾಗಿಸುವುದರಿಂದ ನಾಲ್ಕೂ ಕೋರುಗಳು ಸ್ವಲ್ಪ ಸ್ವಲ್ಪ ದುಡಿಯುತ್ತಿರುವಂತೆ ಕಾಣಬಹುದು. ಅದಕ್ಕೆ ಮೋಸಹೋಗಬಾರದು, ಒಟ್ಟು ಮೊತ್ತವನ್ನು ನೋಡಬೇಕು. ಲಿನಕ್ಸ್‌ನ 'ಟಾಪ್' ಎಂಬ ಆಜ್ಞೆ ಅದೇ ಕೆಲಸವನ್ನು ಶೇಕಡ 100 ಎಂದು ತೋರಿಸುತ್ತದೆ, ಏಕೆಂದರೆ ಅದು ಒಂದು ಕೋರನ್ನೇ ನೂರೆಂದು ಎಣಿಸುತ್ತದೆ.

ಮಕ್ಕಳು ಬರೆಯುವುದು, ಚಿತ್ರ ಬಿಡಿಸುವುದು, ಜಾಲತಾಣ ನೋಡುವುದು, ಚಿಕ್ಕ ಕ್ರಮವಿಧಿ ರಚಿಸುವುದು ಇವುಗಳಿಗೆ ನಾಲ್ಕು ಕೋರುಗಳು ಸಾಕೆಂಬುದು ನನ್ನ ಅಭಿಪ್ರಾಯ. ಚಲನಚಿತ್ರವನ್ನು ಸಂಕಲಿಸುವ ಕೆಲಸ ಚೌಕಟ್ಟು ಚೌಕಟ್ಟಾಗಿ ಹಂಚಿಹೋಗುವುದರಿಂದ ಅಲ್ಲಿ ಎಂಟು ಸಾರ್ಥಕ. ಉಳಿದೆಡೆ ಅದೇ ಹಣದಲ್ಲಿ 4 ಗಿಗಾಬೈಟಿನ ಸ್ಮರಣಕೋಶವನ್ನು 8ಕ್ಕೆ ಏರಿಸಿ, ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹೆಚ್ಚಿನ ಪ್ರಯೋಜನವಿದೆ. ಡಿಸ್ಕಿನಿಂದ ಮಾಹಿತಿ ಬರುವವರೆಗೆ ಎಂಟು ಕೋರುಗಳೂ ಕೈಕಟ್ಟಿ ಕಾಯಬೇಕಾಗುತ್ತದೆ.